ಡಾಲ್ಫಿನ್ ಕಿಕ್ ಹೊಡೆದರೂ ಮುಂದೆ ಹೋಗ್ತಿಲ್ವಾ? ಕಾಲು ಬಿಡಿ, ಕೈಯಿಂದ ಹುಡುಕಿ

ಗೋಡೆಯನ್ನು ಜೋರಾಗಿಯೇ ಒದೆಯುತ್ತೀರಿ. ಮೊದಲ ಎರಡು ಮೂರು ಮೀಟರ್ ಸರಾಗ. ಡಾಲ್ಫಿನ್ ಕಿಕ್ (ಎರಡೂ ಕಾಲು ಜೋಡಿಸಿ, ಮೈಯನ್ನು ಅಲೆಯಂತೆ ಬಳುಕಿಸಿ ನೀರೊಳಗೆ ಹೊಡೆಯುವ ಕಿಕ್) ಶುರು ಮಾಡಿದ ತಕ್ಷಣ ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ವೇಗ ಇಳಿಯುತ್ತದೆ. ಐದಾರು ಕಿಕ್ ಆಗುವಷ್ಟರಲ್ಲಿ ತೊಡೆ ಉರಿಯುತ್ತದೆ, ಉಸಿರು ಕಟ್ಟುತ್ತದೆ. ಪೂಲ್ ಮೇಲೆ ಅಡ್ಡ ಕಟ್ಟಿರುವ ಫ್ಲ್ಯಾಗ್ ದಾಟಿ ಸ್ವಲ್ಪ ದೂರದಲ್ಲೇ ಮೇಲೆ ಬಂದುಬಿಡುತ್ತೀರಿ. ಕಿಕ್‌ನ ಗೋಜಿಗೇ ಹೋಗದೆ ನೇರವಾಗಿ ಫ್ರೀಸ್ಟೈಲ್ ಶುರು ಮಾಡಿದ ಪಕ್ಕದ ಲೇನಿನವರು ಆಗಲೇ ಮುಂದಿರುತ್ತಾರೆ.

ಇದಕ್ಕೆ ಪೂಲ್ ಪಕ್ಕದಲ್ಲಿ ಸಿಗುವ ಸಲಹೆ ಹೆಚ್ಚಾಗಿ ಒಂದೇ. "ಕಾಲಲ್ಲಿ ಶಕ್ತಿ ಇಲ್ಲ, ಕಿಕ್‌ಬೋರ್ಡ್ ಹಿಡ್ಕೊಂಡು ಇನ್ನೂ ಜಾಸ್ತಿ ಕಿಕ್ ಮಾಡು." ನಾನು ಇದನ್ನು ಒಪ್ಪುವುದಿಲ್ಲ. ದೋಷ ಕಣ್ಣಿಗೆ ಬೀಳುವುದು ಕಾಲಲ್ಲಿ, ನಿಜ. ಆದರೆ ಅದು ಹುಟ್ಟುವುದು ಹೆಚ್ಚಿನ ಸಲ ಸೊಂಟದಿಂದ ಮೇಲೆ: ಕೈಯಲ್ಲಿ, ತಲೆಯಲ್ಲಿ, ಎದೆಯಲ್ಲಿ. ನೀರು ಮೊದಲು ಮುಟ್ಟುವುದು ನಿಮ್ಮ ಬೆರಳತುದಿಯನ್ನು. ಅಲ್ಲಿ ಕೆಟ್ಟಿದ್ದನ್ನು ಹಿಂದಿನ ಕಾಲು ಸರಿ ಮಾಡಲಾರದು. ಅದಕ್ಕೇ ಇಲ್ಲಿ ಹುಡುಕಾಟ ಬೆರಳತುದಿಯಿಂದ ಶುರುವಾಗಿ ಪಾದದ ಕಡೆಗೆ ಹೋಗುತ್ತದೆ. ದಯವಿಟ್ಟು ಆ ಕ್ರಮ ಬದಲಿಸಬೇಡಿ. ಒಂದು ಸಲಕ್ಕೆ ಒಂದೇ ದೋಷ ಹಿಡಿಯಿರಿ.

ಇಷ್ಟು ತಲೆ ಕೆಡಿಸಿಕೊಳ್ಳುವ ವಿಷಯವೇ ಇದು ಅಂತ ಕೇಳುವವರಿಗೆ ಸ್ವಲ್ಪ ಹಿಂದಿನ ಕಥೆ ಹೇಳಬೇಕು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಡೇವಿಡ್ ಬರ್ಕಾಫ್ 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನ (ಬೆನ್ನ ಮೇಲೆ ಮಲಗಿ ಈಜುವುದು) ಮೊದಲ ಉದ್ದದ ಬಹುಪಾಲನ್ನು ನೀರೊಳಗೇ ಡಾಲ್ಫಿನ್ ಕಿಕ್ ಹೊಡೆದು ಕಳೆದರು. ಹೀಟ್ಸ್‌ನಲ್ಲಿ, ಅಂದರೆ ಮೊದಲ ಸುತ್ತಿನಲ್ಲೇ, 54.51 ಸೆಕೆಂಡ್‌ನ ವಿಶ್ವ ದಾಖಲೆಯೂ ಬಂತು. ಫೈನಲ್‌ನಲ್ಲಿ ಅದೇ ಉಪಾಯವನ್ನು ಅವರಿಗೇ ತಿರುಗಿಸಿ ಚಿನ್ನ ಗೆದ್ದವರು ಜಪಾನಿನ ಡೈಚಿ ಸುಜುಕಿ. ಇದು ಹೀಗೇ ಬಿಟ್ಟರೆ ಈಜು ಅನ್ನುವುದು ಮುಳುಗು ಪಂದ್ಯವಾಗುತ್ತದೆ ಅಂತ ಈಜಿನ ನಿಯಮ ಮಾಡುವವರು ಬ್ಯಾಕ್‌ಸ್ಟ್ರೋಕ್‌ಗೆ ಮಿತಿ ಹಾಕಿದರು. 1996ರ ಅಟ್ಲಾಂಟಾದಲ್ಲಿ ರಷ್ಯಾದ ಡೆನಿಸ್ ಪಂಕ್ರಾತೊವ್ ಅದನ್ನೇ ಬಟರ್‌ಫ್ಲೈನಲ್ಲಿ (ಎರಡೂ ಕೈ ಒಟ್ಟಿಗೆ ಬೀಸಿ ಈಜುವುದು) ಮಾಡಿ ಎರಡು ಚಿನ್ನ ಗೆದ್ದ ಮೇಲೆ, 1998ರಲ್ಲಿ ಬಟರ್‌ಫ್ಲೈಗೂ 15 ಮೀಟರ್ ಗೆರೆ ಬಂತು. ಈಗ ಈ ಸ್ಪರ್ಧೆಗಳಲ್ಲಿ ಸ್ಟಾರ್ಟ್ ಆದ ಮೇಲೆ, ಪ್ರತಿ ಟರ್ನ್ (ಗೋಡೆಯಲ್ಲಿ ತಿರುಗುವುದು) ಆದ ಮೇಲೆ 15 ಮೀಟರ್ ಒಳಗೆ ತಲೆ ನೀರಿನ ಮೇಲೆ ಬರಲೇಬೇಕು. ಆ 15 ಮೀಟರ್ ಏನು ಮಾಡಬಲ್ಲದು ಅನ್ನುವುದಕ್ಕೆ 2024ರ ಪ್ಯಾರಿಸ್ ನೋಡಿ. 200 ಮೀಟರ್ ಬಟರ್‌ಫ್ಲೈ ಫೈನಲ್. 150 ಮೀಟರ್‌ವರೆಗೂ ಹಂಗೇರಿಯ ಕ್ರಿಷ್ಟೊಫ್ ಮಿಲಾಕ್ ಮುಂದೆ. ಕೊನೆಯ ಟರ್ನ್ ಆದ ಮೇಲೆ ಫ್ರಾನ್ಸ್‌ನ ಲಿಯೋನ್ ಮಾರ್ಶಾನ್ ನೀರೊಳಗೆ ಉದ್ದಕ್ಕೆ ಉಳಿದು ಅಂತರ ತಿಂದುಹಾಕಿದರು, ಆಮೇಲೆ ಗೆದ್ದರು. ಮಿಲಾಕ್ ಅಂದರೆ ಆ ಸ್ಪರ್ಧೆಯ ವಿಶ್ವ ದಾಖಲೆ ಹೊಂದಿರುವವರು, ನೆನಪಿರಲಿ.

ಮೊದಲು ಸುರಕ್ಷತೆ

ಈ ಭಾಗವನ್ನು ದಾಟಿಸಿ ಮುಂದೆ ಹೋಗಬೇಡಿ. ನೀರೊಳಗೆ ಉಸಿರು ಹಿಡಿದು ಅಭ್ಯಾಸ ಮಾಡುವಾಗ ಒಬ್ಬರೇ ಇರಬಾರದು. ಲೈಫ್‌ಗಾರ್ಡ್ ಇದ್ದರಷ್ಟೇ ಸಾಲದು, ನಿಮ್ಮನ್ನೇ ನೋಡುತ್ತಾ ನಿಂತ ಒಬ್ಬರು ಬೇಕು.

ಮುಳುಗುವ ಮುಂಚೆ ಪದೇ ಪದೇ ಜೋರಾಗಿ ಉಸಿರೆಳೆದು ಬಿಡುವ ಅಭ್ಯಾಸ ಕೆಲವರಿಗೆ ಇದೆ. ಅದನ್ನು ಇವತ್ತೇ ನಿಲ್ಲಿಸಿ. ಹಾಗೆ ಮಾಡಿದರೆ ದೇಹದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ, ಆಕ್ಸಿಜನ್ ಹೇಳಿಕೊಳ್ಳುವಷ್ಟು ಏರುವುದಿಲ್ಲ. "ಉಸಿರು ಬೇಕು" ಅಂತ ದೇಹ ಕೂಗುವುದು ಮುಖ್ಯವಾಗಿ ಕಾರ್ಬನ್ ಡೈಆಕ್ಸೈಡ್ ಏರಿದಾಗ. ಅದನ್ನು ಮೊದಲೇ ಇಳಿಸಿಬಿಟ್ಟರೆ ಆ ಕೂಗು ತಡವಾಗಿ ಬರುತ್ತದೆ. ಅಷ್ಟರಲ್ಲಿ ಆಕ್ಸಿಜನ್ ಮುಗಿದು ನೀರೊಳಗೇ ಪ್ರಜ್ಞೆ ತಪ್ಪಬಹುದು. ಸದ್ದಿಲ್ಲ, ಒದ್ದಾಟವಿಲ್ಲ. ಚೆನ್ನಾಗಿ ಈಜು ಬಲ್ಲವರೇ ಹೀಗೆ ಪ್ರಾಣ ಕಳೆದುಕೊಂಡಿದ್ದಾರೆ. ಮಕ್ಕಳ ನಡುವೆ "ಯಾರು ಜಾಸ್ತಿ ದೂರ ಮುಳುಗಿ ಹೋಗ್ತಾರೆ" ಅನ್ನುವ ಪಂದ್ಯ ಇಡಲೇಬೇಡಿ. ಇಲ್ಲಿ ಹೇಳುವ ಪರೀಕ್ಷೆಗಳೆಲ್ಲ 15 ಮೀಟರ್ ಒಳಗೇ ಮುಗಿಯುತ್ತವೆ. ಒಂದಾದ ಮೇಲೆ ಇನ್ನೊಂದಕ್ಕೆ ಮುಂಚೆ ಉಸಿರು ಪೂರ್ತಿ ಸಹಜವಾಗಲಿ.

ಅಳತೆ ಇಲ್ಲದೆ ದೋಷ ಹುಡುಕಲು ಆಗಲ್ಲ

ಪೂಲ್ ಮೇಲೆ ಅಡ್ಡ ಕಟ್ಟಿರುವ ಬ್ಯಾಕ್‌ಸ್ಟ್ರೋಕ್ ಫ್ಲ್ಯಾಗ್ ಗೋಡೆಯಿಂದ 5 ಮೀಟರ್ ದೂರದಲ್ಲಿರುತ್ತದೆ. ಸ್ಪರ್ಧೆಯ ಪೂಲ್ ಆದರೆ ಲೇನ್ ಹಗ್ಗದ ಬಿಲ್ಲೆಗಳ ಬಣ್ಣ 15 ಮೀಟರ್‌ನಲ್ಲಿ ಬೇರೆ ಇರುತ್ತದೆ. ನಮ್ಮ ಎಷ್ಟೋ ಬಡಾವಣೆಯ ಪೂಲ್‌ಗಳಲ್ಲಿ ಇವೆರಡೂ ಇರುವುದಿಲ್ಲ. ಟೇಪ್ ಹಿಡಿದು ಅಳೆದು ದಡದಲ್ಲಿ 5, 10, 15 ಮೀಟರ್‌ಗೆ ಒಂದೊಂದು ಚಪ್ಪಲಿ ಇಟ್ಟರೆ ಆಯಿತು.

ಮೊದಲ ಪರೀಕ್ಷೆ: ಗೋಡೆ ಒದ್ದು, ಕೈ ಮುಂದೆ ಚಾಚಿ, ಕಿಕ್ ಏನೂ ಇಲ್ಲದೆ ಸುಮ್ನೆ ಜಾರಿಕೊಂಡು ಹೋಗಿ. ಎಲ್ಲಿ ನಿಂತಿರಿ, ಗುರುತು ಮಾಡಿಕೊಳ್ಳಿ. ಎರಡನೇ ಪರೀಕ್ಷೆ: ಅದೇ ಒದೆತ, ಈಗ ಡಾಲ್ಫಿನ್ ಕಿಕ್ ಸೇರಿಸಿ. 10 ಮೀಟರ್‌ಗೆ ಎಷ್ಟು ಕಿಕ್, ಎಷ್ಟು ಸೆಕೆಂಡ್ ಅಂತ ದಡದಲ್ಲಿರುವವರು ಬರೆದುಕೊಳ್ಳಲಿ. ಮೂರನೇ ಪರೀಕ್ಷೆ ಸಣ್ಣ ಫಿನ್ಸ್ (ಪಾದಕ್ಕೆ ತೊಡುವ ಈಜುರೆಕ್ಕೆ) ಹಾಕಿಕೊಂಡು, ಎರಡನೆಯದರ ಹಾಗೇ.

ಸುಮ್ಮನೆ ಜಾರಿದಾಗ ಫ್ಲ್ಯಾಗ್ ದಾಟುವುದೇ ಕಷ್ಟವಾದರೆ ಕಿಕ್ ಬಗ್ಗೆ ಯೋಚನೆಯೇ ಬೇಡ, ದೋಷ ಮೈ ಚಾಚುವುದರಲ್ಲಿ ಇದೆ. ಜಾರುವುದು ಚೆನ್ನಾಗಿದೆ, ಕಿಕ್ ಸೇರಿಸಿದ ಕೂಡಲೇ ಕೆಡುತ್ತದೆ ಅಂದರೆ ಕಿಕ್ ನಿಮ್ಮ ಮೈಯ ಆಕಾರ ಹಾಳು ಮಾಡುತ್ತಿದೆ. ಫಿನ್ಸ್ ಹಾಕಿದಾಗ ಸೊಗಸಾಗಿ ಹೋಗುತ್ತದೆ, ತೆಗೆದರೆ ನಿಲ್ಲುತ್ತದೆ ಅಂದರೆ ಮೈಯ ಅಲೆ ಸರಿಯಿದೆ, ಪಾದದ ಕಡೆ ನೋಡಬೇಕು. ಫಿನ್ಸ್ ಹಾಕಿದರೂ ಒದ್ದಾಟವೇ ಅಂದರೆ ಪಾದದ ತಪ್ಪಲ್ಲ, ಮೇಲಕ್ಕೆ ಬನ್ನಿ.

ಇದರ ಜೊತೆಗೆ ವಿಡಿಯೋ ಬೇಕು. ಮೊಬೈಲನ್ನು ವಾಟರ್‌ಪ್ರೂಫ್ ಪೌಚ್‌ನಲ್ಲಿ ಹಾಕಿ, ಪಕ್ಕದ ಲೇನಿನಲ್ಲಿ ಒಬ್ಬರು ನೀರೊಳಗೆ ಹಿಡಿದು, ಈಜುವವರ ಪಕ್ಕದಿಂದ ಸ್ಲೋ ಮೋಷನ್‌ನಲ್ಲಿ ತೆಗೆಯಲಿ. ಮುಂದಿನಿಂದ ತೆಗೆದರೆ ಚೆಂದ ಕಾಣುತ್ತದೆ, ಆದರೆ ಉಪಯೋಗಕ್ಕೆ ಬರುವುದಿಲ್ಲ.

ಕೈ ಮತ್ತು ತಲೆ

ಇಲ್ಲಿಯೇ ಅರ್ಧಕ್ಕಿಂತ ಜಾಸ್ತಿ ಜನರ ಸಮಸ್ಯೆ ಸಿಗುತ್ತದೆ ಅನ್ನುವುದು ನನ್ನ ಅನಿಸಿಕೆ.

ಸರಿಯಾದ ಸ್ಟ್ರೀಮ್‌ಲೈನ್ ಅಂದರೆ ಒಂದು ಅಂಗೈ ಇನ್ನೊಂದು ಕೈಯ ಹಿಂಬದಿ ಮೇಲೆ ಕೂತಿರಬೇಕು. ಮೇಲಿನ ಕೈಯ ಹೆಬ್ಬೆರಳು ಕೆಳಗಿನ ಕೈಯನ್ನು ಸುತ್ತಿ ಬೀಗ ಹಾಕಿರಬೇಕು. ಮೊಣಕೈ ನೆಟ್ಟಗೆ. ತೋಳುಗಳು ಕಿವಿಯ ಹಿಂದೆ ತಲೆಯನ್ನು ಒತ್ತಿ ಹಿಡಿದಿರಬೇಕು. ಕಣ್ಣು ತಳದ ಕಡೆ, ಮುಂದಿನ ಗೋಡೆಯ ಕಡೆ ಅಲ್ಲ.

ದಡದಲ್ಲೇ ಪರೀಕ್ಷೆ ಮಾಡಿಕೊಳ್ಳಬಹುದು. ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಹಿಮ್ಮಡಿ, ಪೃಷ್ಠ, ಬೆನ್ನಿನ ಮೇಲ್ಭಾಗ, ತಲೆಯ ಹಿಂಭಾಗ ಗೋಡೆಗೆ ತಾಗಿರಲಿ. ಈಗ ಕೈ ಮೇಲೆತ್ತಿ ಸ್ಟ್ರೀಮ್‌ಲೈನ್ ಮಾಡಿ ಕೈಯನ್ನೂ ಗೋಡೆಗೆ ತಾಗಿಸಿ. ಕೈ ತಾಗಿಸುವಾಗ ಸೊಂಟ ಮುಂದಕ್ಕೆ ಬಾಗಿ ಪಕ್ಕೆಲುಬು ಎದ್ದು ಕಾಣಿಸಿತೇ? ಹಾಗಾದರೆ ನಿಮ್ಮ ಭುಜ ಬಿಗಿಯಾಗಿದೆ. ಭುಜ ಕೊಡಬೇಕಾದ ಬಾಗನ್ನು ಬೆನ್ನಿನ ಕೆಳಭಾಗ ಕೊಡುತ್ತಿದೆ. ನೀರಲ್ಲೂ ಇದೇ ನಡೆಯುತ್ತದೆ, ಹೊಟ್ಟೆ ಕೆಳಕ್ಕೆ ಜೋತುಬೀಳುತ್ತದೆ, ನೀರು ಅದಕ್ಕೆ ಬಡಿಯುತ್ತದೆ. ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುವ ದೊಡ್ಡವರಲ್ಲಿ ಇದು ತುಂಬಾ ಸಾಮಾನ್ಯ. ಇಂಥವರು ಕೈಯನ್ನು ಕಿವಿಯ ಹಿಂದೆ ಒತ್ತಲೇಬೇಕೆಂದು ಹಟ ಹಿಡಿಯುವುದಕ್ಕಿಂತ, ಕಿವಿಯ ಪಕ್ಕಕ್ಕೆ ತಂದು ಹೊಟ್ಟೆ ಒಳಗೆಳೆದುಕೊಂಡು ಜಾರುವುದು ಮೇಲು. ಭುಜ ಸಡಿಲವಾಗಲು ವಾರಗಟ್ಟಲೆ ಬೇಕು. ಅಲ್ಲಿಯವರೆಗೆ ನೇರ ಬೆನ್ನೇ ಮುಖ್ಯ.

ತಲೆಯ ವಿಷಯದಲ್ಲಿ ನಾನು ಕಣ್ಣಾರೆ ಕಂಡದ್ದೊಂದನ್ನು ಹೇಳುತ್ತೇನೆ. ನಮ್ಮ ಬಡಾವಣೆಯ ಪೂಲ್‌ನಲ್ಲಿ 13 ವರ್ಷದ ಹುಡುಗನೊಬ್ಬನಿಗೆ ಎಲ್ಲರೂ "ಮೊಣಕಾಲು ಬಗ್ಗಿಸಬೇಡ" ಅಂತ ಹೇಳಿ ಹೇಳಿ ಸುಸ್ತಾಗಿದ್ದರು. ವಿಡಿಯೋದಲ್ಲೂ ಅದೇ: ಪ್ರತಿ ಕಿಕ್‌ಗೂ ಹಿಮ್ಮಡಿ ಪೃಷ್ಠದ ಕಡೆ ಬರುತ್ತಿತ್ತು. ಅದನ್ನು ಒಂದೊಂದೇ ಫ್ರೇಮ್ ಮಾಡಿ ನೋಡಿದಾಗ ಬೇರೆಯೇ ಕಾಣಿಸಿತು. ಮೊಣಕಾಲು ಬಗ್ಗುವುದಕ್ಕಿಂತ ಮುಂಚೆ ಅವನ ಗದ್ದ ಮೇಲೇಳುತ್ತಿತ್ತು. ಮುಂದೆ ಎಷ್ಟು ದೂರ ಉಳಿದಿದೆ ಅಂತ ನೋಡುತ್ತಿದ್ದ, ಅಷ್ಟೇ. ಗದ್ದ ಎದ್ದ ತಕ್ಷಣ ತೋಳು ಕಿವಿಯಿಂದ ಬಿಟ್ಟುಕೊಂಡವು, ಹೆಬ್ಬೆರಳ ಬೀಗ ಕಳಚಿತು, ಎದೆ ಮೇಲೆದ್ದಿತು, ಸೊಂಟ ಕುಸಿಯಿತು. ಕುಸಿದ ಸೊಂಟದಿಂದ ಅಲೆ ಹೊರಡಿಸಲು ಆಗುವುದಿಲ್ಲ. ಉಳಿದ ದಾರಿ ಮೊಣಕಾಲು ಬಗ್ಗಿಸಿ ಒದೆಯುವುದೊಂದೇ. ಅವನಿಗೆ ಮೊಣಕಾಲಿನ ಮಾತೇ ಎತ್ತದೆ ಒಂದೇ ಕೆಲಸ ಕೊಟ್ಟೆವು: ತಳದ ಕಪ್ಪು ಗೆರೆಯ ಟೈಲ್ಸ್ ಎಣಿಸಿಕೊಂಡು ಹೋಗು. ಗದ್ದ ತಾನಾಗಿ ಕೆಳಗಿಳಿಯಿತು. ಮೊಣಕಾಲಿನ ಬಾಗು ಪೂರ್ತಿ ಹೋಗಲಿಲ್ಲ, ಆದರೆ ನೋಡಿದವರಿಗೆಲ್ಲ ಗೊತ್ತಾಗುವಷ್ಟು ಕಡಿಮೆಯಾಯಿತು. ಅವನ ಕಾಲಿನ ಶಕ್ತಿ ಅದೇ ಇತ್ತು, ಬದಲಾದದ್ದು ಕಣ್ಣಿನ ದಿಕ್ಕು.

ಕೈ ಮೇಲೆ ಕೆಳಗೆ ಕುಣಿಯುತ್ತಿದೆಯೇ

ಸ್ಟ್ರೀಮ್‌ಲೈನ್ ಸರಿಯಿದ್ದೂ ಕಿಕ್ ಶುರುವಾದಾಗ ವೇಗ ಹೋಗುತ್ತಿದ್ದರೆ ವಿಡಿಯೋದಲ್ಲಿ ಬೆರಳತುದಿಯನ್ನು ಮಾತ್ರ ನೋಡಿ. ಮೊಬೈಲ್ ಸ್ಕ್ರೀನ್ ಮೇಲೆ ಒಂದು ಸ್ಕೇಲ್ ಅಡ್ಡ ಇಟ್ಟರೆ ಸುಲಭ. ಒಳ್ಳೆಯ ಡಾಲ್ಫಿನ್ ಕಿಕ್‌ನಲ್ಲಿ ಕೈ ಹೆಚ್ಚುಕಮ್ಮಿ ಒಂದೇ ಗೆರೆಯಲ್ಲಿ ಹೋಗುತ್ತದೆ. ಎದೆ ಸ್ವಲ್ಪ ಅಲುಗುತ್ತದೆ, ಸೊಂಟ ಅದಕ್ಕಿಂತ ಜಾಸ್ತಿ, ಮೊಣಕಾಲು ಇನ್ನೂ ಜಾಸ್ತಿ, ಪಾದ ಎಲ್ಲಕ್ಕಿಂತ ಜಾಸ್ತಿ. ಅಲೆ ಮುಂದೆ ಸಣ್ಣದಾಗಿ ಹುಟ್ಟಿ ಹಿಂದೆ ಹೋಗುತ್ತಾ ದೊಡ್ಡದಾಗಬೇಕು.

"ಹಾವಿನ ಹಾಗೆ ಮೈ ಬಳುಕಿಸು" ಅಂತ ಹೇಳಿಕೊಟ್ಟವರು ಕೈಯಿಂದಲೇ ಬಳುಕಲು ಶುರು ಮಾಡುತ್ತಾರೆ. ಕೈ ಕೆಳಗೆ ಹೋದಾಗ ಬೆನ್ನಿಗೆ ನೀರು ಬಡಿಯುತ್ತದೆ, ಮೇಲೆ ಹೋದಾಗ ಎದೆಗೆ. ಎರಡೂ ಬ್ರೇಕ್. ಬಟರ್‌ಫ್ಲೈ ಚೆನ್ನಾಗಿ ಬರುವವರಲ್ಲೂ ಈ ದೋಷ ಸಿಗುತ್ತದೆ. ನೀರಿನ ಮೇಲಿನ ಬಟರ್‌ಫ್ಲೈನಲ್ಲಿ ಎದೆ ಏರಿಳಿಯುವುದು ಸಹಜ, ಅದನ್ನೇ ನೀರೊಳಗೂ ತರುತ್ತಾರೆ.

ಪರಿಹಾರಕ್ಕೆ ಪಕ್ಕಕ್ಕೆ ಮಲಗಿ ಕಿಕ್ ಮಾಡುವ ಅಭ್ಯಾಸ ನನಗೆ ಇಷ್ಟ. ಒಂದು ಮಗ್ಗುಲಲ್ಲಿ, ನೀರೊಳಗೆ, ತಳದ ಗೆರೆಯ ಮೇಲೆ ಕೈ ನೆಟ್ಟಗೆ ಇಟ್ಟುಕೊಂಡು ಹೋಗಿ. ಮೈ ಪಕ್ಕಕ್ಕಿರುವುದರಿಂದ ಕೈ ಕುಣಿದರೆ ಗೆರೆಯಿಂದ ಆಚೀಚೆ ಹೋಗುವುದು ನಿಮಗೇ ಕಾಣುತ್ತದೆ. ಬೇರೆಯವರು ಹೇಳಬೇಕಾಗಿಲ್ಲ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಬಟರ್‌ಫ್ಲೈ ಚಿನ್ನ ಗೆದ್ದ ಅಮೆರಿಕದ ಮಿಸ್ಟಿ ಹೈಮನ್ ಪಕ್ಕಕ್ಕೆ ಮಲಗಿ ಹೊಡೆಯುವ ಕಿಕ್‌ಗೇ ಹೆಸರಾದವರು.

ಆಳ

ನೀರಿನ ಮೇಲ್ಮೈಗೆ ಹತ್ತಿರ ಇದ್ದಷ್ಟೂ ನಿಮ್ಮ ಶಕ್ತಿಯಲ್ಲಿ ಒಂದು ಪಾಲು ಅಲೆ ಎಬ್ಬಿಸುವುದಕ್ಕೇ ಹೋಗುತ್ತದೆ. ಅರ್ಧ ಮೀಟರ್‌ಗಿಂತ ಕೆಳಗಿದ್ದರೆ ಆ ನಷ್ಟ ಬಹಳ ಕಡಿಮೆ. ವೇಗ ಹೆಚ್ಚಿದ್ದವರು ಇನ್ನೂ ಸ್ವಲ್ಪ ಆಳಕ್ಕೆ ಹೋಗಬೇಕು, ಸುಮಾರು ಒಂದು ಮೀಟರ್ ತನಕ. ಅದಕ್ಕಿಂತ ಕೆಳಗೆ ಹೋದರೆ ಮೇಲೆ ಬರುವ ದೂರ ದಂಡ.

ದಡದಿಂದ ನೋಡುವವರಿಗೆ ಇದು ಸುಲಭವಾಗಿ ಗೊತ್ತಾಗುತ್ತದೆ. ಕಿಕ್ ಮಾಡುವಾಗ ನೀರಿನ ಮೇಲ್ಮೈ ಉಬ್ಬಿ ಕುದಿಯುತ್ತಿದ್ದರೆ ನೀವು ತೀರಾ ಮೇಲಿದ್ದೀರಿ. ಕಾರಣ ಹೆಚ್ಚಾಗಿ ಗೋಡೆ ಒದೆಯುವ ಕ್ಷಣದಲ್ಲೇ ಇರುತ್ತದೆ. ಪಾದ ಗೋಡೆಯ ಮೇಲೆ ತೀರಾ ಕೆಳಗೆ ಬಿದ್ದರೆ ಒದೆತ ಮೈಯನ್ನು ಮೇಲಕ್ಕೆ ಕಳಿಸುತ್ತದೆ. ಬೆರಳತುದಿ ಮೇಲಕ್ಕೆ ತೋರಿಸುತ್ತಿದ್ದರೂ ಅಷ್ಟೇ. ಒದೆಯುವ ಮುಂಚೆ ಮೈ ಪೂರ್ತಿ ನೀರೊಳಗೆ ಇಳಿದಿರಲಿ, ಕೈ ಆಗಲೇ ಬೀಗ ಹಾಕಿರಲಿ, ಆಮೇಲೆ ಒದೆಯಿರಿ. ಒದ್ದಮೇಲೆ ಕೈ ಚಾಚುವವರು ಅರ್ಧ ವೇಗವನ್ನು ಗೋಡೆಯ ಹತ್ತಿರವೇ ಬಿಟ್ಟುಬರುತ್ತಾರೆ.

ಮೂರಡಿ ಆಳದ ಕಡೆಯಿಂದ ಈ ಅಭ್ಯಾಸ ಬೇಡ. ಕೈ, ಗದ್ದ ತಳಕ್ಕೆ ತಾಗಿ ಪೆಟ್ಟಾಗುತ್ತದೆ.

ಮೊಣಕಾಲು

ಈಗ ಮೊಣಕಾಲಿನ ಹತ್ತಿರ ಬಂದೆವು. ಮೇಲಿನದೆಲ್ಲ ಸರಿಪಡಿಸಿದ ಮೇಲೂ ಇಲ್ಲಿ ದೋಷ ಉಳಿದಿರಬಹುದು.

ಮೊಣಕಾಲು ಬಗ್ಗಲೇಬಾರದು ಅನ್ನುವುದು ತಪ್ಪು ತಿಳಿವಳಿಕೆ. ವಿಶ್ವದ ಅತಿ ವೇಗದ ಈಜುಗಾರರ ಮೊಣಕಾಲೂ ಡೌನ್ ಕಿಕ್‌ಗೆ (ಕಾಲನ್ನು ಕೆಳಕ್ಕೆ ಒದೆಯುವುದು) ಮುಂಚೆ ಬಗ್ಗುತ್ತದೆ. ಪ್ರಶ್ನೆ ಏನೆಂದರೆ, ತೊಡೆ ಏನು ಮಾಡುತ್ತಿದೆ? ತೊಡೆಯನ್ನು ಹೊಟ್ಟೆಯ ಕಡೆ ಎಳೆದು ಮೊಣಕಾಲು ಬಗ್ಗಿಸಿದರೆ ತೊಡೆಯ ಮುಂಭಾಗ ನೀರನ್ನು ಮುಂದಕ್ಕೆ ತಳ್ಳುತ್ತದೆ. ನೀರನ್ನು ಮುಂದಕ್ಕೆ ತಳ್ಳಿದರೆ ನೀವು ಹಿಂದಕ್ಕೆ. ಪ್ರತಿ ಕಿಕ್‌ಗೂ ಒಂದು ಸಲ ಬ್ರೇಕ್ ಹಾಕಿ ಒಂದು ಸಲ ಓಡಿಸಿದ ಲೆಕ್ಕ. ಸರಿಯಾದ ಕಿಕ್‌ನಲ್ಲಿ ಸೊಂಟ ಮೇಲಕ್ಕೆ ಹೊರಟಾಗ ತೊಡೆ ಕೆಳಕ್ಕೆ ಹೊರಡುತ್ತದೆ. ಆಗ ಮೊಣಕಾಲಿನ ಕೆಳಗಿನ ಭಾಗ ಸ್ವಲ್ಪ ಹಿಂದುಳಿಯುತ್ತದೆ. ಅದೇ ಬಾಗಿನ ಹಾಗೆ ಕಾಣುತ್ತದೆ. ಆಮೇಲೆ ಕಾಲು ಚಾಟಿಯಂತೆ ನೆಟ್ಟಗಾಗುತ್ತದೆ.

ಇದನ್ನು ನೀವೇ ಕಂಡುಕೊಳ್ಳಲು ಬೆನ್ನ ಮೇಲೆ ಮಲಗಿ, ಮೇಲ್ಮೈಯಲ್ಲೇ, ಕೈ ತಲೆಯ ಹಿಂದೆ ಚಾಚಿ ಡಾಲ್ಫಿನ್ ಕಿಕ್ ಮಾಡಿ. ಮೊಣಕಾಲು ನೀರಿನಿಂದ ಹೊರಗೆ ಬರುತ್ತಿದ್ದರೆ ತೊಡೆ ಎಳೆಯುತ್ತಿದ್ದೀರಿ ಅಂತ ಅರ್ಥ. ಮೊಣಕಾಲು ನೀರೊಳಗೇ ಇದ್ದು, ಪಾದದ ಬೆರಳು ಮಾತ್ರ ನೀರನ್ನು ಚಿಮ್ಮಿಸಬೇಕು. ಉಸಿರಿನ ತೊಂದರೆ ಇಲ್ಲ, ಎಷ್ಟು ಹೊತ್ತು ಬೇಕಾದರೂ ಮಾಡಬಹುದು. ಮೊಣಕಾಲಿನ ದೋಷಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ.

ಕಿಕ್‌ಬೋರ್ಡ್ ಹಿಡಿದು ಡಾಲ್ಫಿನ್ ಕಿಕ್ ಮಾಡಿಸುವುದನ್ನು ಮಾತ್ರ ನಾನು ಬೇಡ ಅನ್ನುತ್ತೇನೆ. ಬೋರ್ಡ್ ಕೈಯನ್ನು ಮೇಲ್ಮೈಗೆ ಕಟ್ಟಿಹಾಕುತ್ತದೆ, ತಲೆ ಎತ್ತಿಸುತ್ತದೆ, ಸೊಂಟ ಕುಸಿಯುವಂತೆ ಮಾಡುತ್ತದೆ. ಆ ಹುಡುಗನ ದೋಷ ಇದೆಯಲ್ಲ, ಅದನ್ನೇ ದಿನವೂ ಕೂರಿಸಿ ಕಲಿಸಿದ ಹಾಗೆ.

ಅಪ್ ಕಿಕ್ ಇದೆಯಾ?

ಹೆಚ್ಚಿನವರು ಕಾಲನ್ನು ಕೆಳಕ್ಕೆ ಒದೆಯುತ್ತಾರೆ, ಮೇಲಕ್ಕೆ ಸುಮ್ನೆ ತರುತ್ತಾರೆ. ಡೌನ್ ಕಿಕ್‌ನಿಂದಲೇ ಜಾಸ್ತಿ ಬಲ ಸಿಗುವುದು, ಅದು ಮೇಲ್ಮಟ್ಟದ ಈಜುಗಾರರಲ್ಲೂ ನಿಜ. ಆದರೆ ಅವರು ಅಪ್ ಕಿಕ್‌ನಲ್ಲಿ ವೇಗವನ್ನು ಕಳೆದುಕೊಳ್ಳುವುದು ಕಡಿಮೆ. ನಮ್ಮಂಥವರ ವಿಡಿಯೋದಲ್ಲಿ ಮೈ ಮುಂದೆ ಜಿಗಿದು, ನಿಂತು, ಮತ್ತೆ ಜಿಗಿಯುವುದು ಕಾಣುತ್ತದೆ.

ಪರೀಕ್ಷೆ ಹೀಗೆ. ಕಾಲು ಎಟುಕದಷ್ಟು ಆಳದಲ್ಲಿ, ಪಕ್ಕದಲ್ಲಿ ಒಬ್ಬರನ್ನು ಇಟ್ಟುಕೊಂಡು, ನೆಟ್ಟಗೆ ನಿಂತ ಭಂಗಿಯಲ್ಲಿ ಕೈಯನ್ನು ಎದೆಯ ಮೇಲೆ ಕಟ್ಟಿ ಡಾಲ್ಫಿನ್ ಕಿಕ್ ಮಾಡಿ. ತಲೆ ನೀರಿನ ಮೇಲಿರಲಿ. ಕಿಕ್ ಎರಡೂ ಕಡೆ ಸಮನಾಗಿದ್ದರೆ ನಿಂತ ಜಾಗದಲ್ಲೇ ಇರುತ್ತೀರಿ. ಹಿಂದಕ್ಕೆ ಸರಿಯುತ್ತಾ ಹೋದರೆ ಮುಂದಿನ ಒದೆತವೇ ಎಲ್ಲಾ ಕೆಲಸ ಮಾಡುತ್ತಿದೆ. ಪೃಷ್ಠ ಮತ್ತು ತೊಡೆಯ ಹಿಂಭಾಗದ ಸ್ನಾಯು ಬಿಗಿದು ಕಾಲನ್ನು ಹಿಂದಕ್ಕೆ ಒತ್ತಿ. ಕಾಲು ಹಿಂದಕ್ಕೆ ಹೋಗುವಾಗ ಮೊಣಕಾಲು ನೆಟ್ಟಗಿರಲಿ. 15 ಸೆಕೆಂಡ್ ಮಾಡಿ, ಅಷ್ಟೇ ಹೊತ್ತು ಬಿಡುವು ಕೊಡಿ. ತೊಡೆಯ ಹಿಂಭಾಗ ಸುಸ್ತಾದರೆ ಸರಿಯಾದ ಕಡೆ ಕೆಲಸ ನಡೆದಿದೆ.

ಪಾದ

ವಜ್ರಾಸನದಲ್ಲಿ ಕೂತು ನೋಡಿ. ಪಾದದ ಮೇಲ್ಭಾಗ ಪೂರ್ತಿ ನೆಲಕ್ಕೆ ಒರಗಿ, ನೋವಿಲ್ಲದೆ ಕೂರಲು ಆದರೆ ನಿಮ್ಮ ಪಾದದ ಕೀಲು ಈಜಿಗೆ ಸಾಕಷ್ಟು ಸಡಿಲ. ಓಟ, ಸೈಕಲ್‌ನಿಂದ ಈಜಿಗೆ ಬಂದವರಿಗೆ ಇದು ಕಷ್ಟವಾಗುತ್ತದೆ. ಅವರ ಪಾದ ಕಾಲಿಗೆ ಅಡ್ಡವಾಗಿ ನಿಂತು, ನೀರನ್ನು ಹಿಂದಕ್ಕೆ ತಳ್ಳುವ ಬದಲು ಬರೀ ಕೆಳಕ್ಕೆ ತಳ್ಳುತ್ತದೆ. ದಿನವೂ ಸ್ವಲ್ಪ ಹೊತ್ತು ವಜ್ರಾಸನ ಇದಕ್ಕೆ ಸಾಕು. ಮೊಣಕಾಲು ನೋವಿದ್ದವರು ಮಾತ್ರ ಬಲವಂತ ಮಾಡಬೇಡಿ.

ಹೆಬ್ಬೆರಳುಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಇರಲಿ, ಪಾದ ಸ್ವಲ್ಪ ಒಳಕ್ಕೆ ತಿರುಗಿರಲಿ. ಕಾಲುಗಳ ನಡುವೆ ಜಾಗ ಬಿಟ್ಟರೆ ನೀರು ಅಲ್ಲಿಂದ ನುಸುಳಿಹೋಗುತ್ತದೆ.

ದೊಡ್ಡ ಕಿಕ್ಕೋ, ಬೇಗದ ಕಿಕ್ಕೋ

ದೊಡ್ಡದಾಗಿ, ನಿಧಾನವಾಗಿ ಹೊಡೆಯುವವರಿಗೆ ಪ್ರತಿ ಕಿಕ್ ಬಲವಾಗಿದೆ ಅನ್ನಿಸುತ್ತದೆ. ಆದರೆ ಎರಡು ಕಿಕ್ ನಡುವೆ ವೇಗ ಸತ್ತುಹೋಗಿರುತ್ತದೆ. ಮೇಲ್ಮಟ್ಟದವರು ಸೆಕೆಂಡಿಗೆ ಎರಡಕ್ಕಿಂತ ಜಾಸ್ತಿ ಕಿಕ್ ಹೊಡೆಯುತ್ತಾರೆ. ಮೊದಲು ಸೆಕೆಂಡಿಗೆ ಒಂದೂವರೆ ಕಿಕ್ ಮುಟ್ಟಿ, ಆಮೇಲೆ ಏರಿಸಿ. ಹಾಗಂತ ಪಾದ ಬರೀ ನಡುಗುವಷ್ಟು ಸಣ್ಣ ಮಾಡಿದರೂ ಪ್ರಯೋಜನ ಇಲ್ಲ. 10 ಮೀಟರ್ ಸಮಯವೇ ತೀರ್ಪು ಹೇಳಲಿ: ಬೇಗ ಹೊಡೆದಾಗ ಸಮಯ ಇಳಿಯಿತೇ, ಹಾಗಾದರೆ ಅದೇ ಸರಿ.

ಕಿಕ್ ಶುರು ಮಾಡುವ ಹೊತ್ತೂ ಇಲ್ಲೇ ಸೇರುತ್ತದೆ. ಗೋಡೆ ಒದ್ದಾಗ ಸಿಗುವ ವೇಗ ನೀವು ಕಿಕ್‌ನಿಂದ ಪಡೆಯುವ ವೇಗಕ್ಕಿಂತ ಜಾಸ್ತಿ. ಗೋಡೆ ಬಿಟ್ಟ ತಕ್ಷಣ ಕಿಕ್ ಶುರು ಮಾಡಿದರೆ ಮೈ ಅಲುಗಿ ಆ ವೇಗವೇ ಹಾಳು. ತಡ ಮಾಡಿದರೆ ಕಳೆದುಕೊಂಡ ವೇಗವನ್ನು ಮತ್ತೆ ಸೊನ್ನೆಯಿಂದ ಕಟ್ಟಬೇಕು. ನೀರು ಮೈಮೇಲೆ ಜಾರುವುದು ಕೊಂಚ ನಿಧಾನವಾಯಿತು ಅನ್ನಿಸುವುದಕ್ಕೆ ಒಂದು ಕ್ಷಣ ಮುಂಚೆ ಮೊದಲ ಕಿಕ್ ಬರಬೇಕು. ಅದೂ ಸಣ್ಣದಾಗಿ.

ಬೆನ್ನ ಮೇಲಿದ್ದಾಗ ಮೂಗಿಗೆ ನೀರು

ಬ್ಯಾಕ್‌ಸ್ಟ್ರೋಕ್ ಈಜುವವರಲ್ಲಿ ಕಿಕ್ ಕೆಡಲು ಇದೂ ಒಂದು ಕಾರಣ. ಮೂಗಿಗೆ ನೀರು ಹೋಗುತ್ತದೆಂದು ಗದ್ದ ಎದೆಗೆ ಒತ್ತುತ್ತಾರೆ, ಅಲ್ಲಿಗೆ ಸ್ಟ್ರೀಮ್‌ಲೈನ್ ಮುಗಿಯಿತು. ಬಾಯಿ ಮುಚ್ಚಿ ಹೂಂ ಅಂತ ಗುನುಗುತ್ತಾ ಹೋಗಿ, ಮೂಗಿನಿಂದ ಗಾಳಿ ಸಣ್ಣಗೆ ಹೊರಬರುತ್ತಲೇ ಇರುತ್ತದೆ. ಅದು ಸಾಲದಿದ್ದರೆ ನೋಸ್ ಕ್ಲಿಪ್ ಹಾಕಿ, ಸಂಕೋಚ ಬೇಡ. ಟೋಕಿಯೊ, ಪ್ಯಾರಿಸ್ ಎರಡೂ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಈಜಿದ ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್ ಅವರ ಸ್ಪರ್ಧೆಗಳ ವಿಡಿಯೋ ಸಿಕ್ಕರೆ ಟರ್ನ್ ಆದ ನಂತರದ ಭಾಗವನ್ನು ಮತ್ತೆ ಮತ್ತೆ ನೋಡಿ. ಮಕ್ಕಳಿಗೆ ತೋರಿಸಿ.

ಮೇಲೆ ಬರುವುದು

ನೀರೊಳಗೆ ಗಳಿಸಿದ್ದನ್ನು ಮೊದಲ ಸ್ಟ್ರೋಕ್‌ನಲ್ಲೇ ಕಳೆಯುವವರು ಬಹಳ. ಎರಡು ಲಕ್ಷಣ ನೋಡಿ: ತಲೆ ಕೈಗಿಂತ ಮುಂಚೆ ಮೇಲೆ ಬರುತ್ತಿದೆಯೇ, ಮೊದಲ ಸ್ಟ್ರೋಕ್‌ಗೇ ಉಸಿರು ತೆಗೆದುಕೊಳ್ಳುತ್ತಿದ್ದೀರಾ? ಎರಡೂ ನಿಲ್ಲಬೇಕು. ಫ್ರೀಸ್ಟೈಲ್ ಆದರೆ ಡಾಲ್ಫಿನ್ ಕಿಕ್‌ನಿಂದ ಮಾಮೂಲಿ ಕಿಕ್‌ಗೆ ಬದಲಿಸಿ, ಇನ್ನೂ ಸ್ವಲ್ಪ ಒಳಗಿರುವಾಗಲೇ ಮೊದಲ ಕೈ ಎಳೆಯಿರಿ. ಕೈ ಎಳೆದ ಬಲದಲ್ಲೇ ತಲೆ ಮೇಲ್ಮೈ ಸೀಳಲಿ.

ಎಷ್ಟು ಕಿಕ್ ಹೊಡೆಯಬೇಕು ಅನ್ನುವುದನ್ನು ಆಸೆಯಿಂದ ನಿರ್ಧರಿಸಬೇಡಿ, ಗಡಿಯಾರದಿಂದ ನಿರ್ಧರಿಸಿ. 3, 5, 7 ಕಿಕ್ ಹೊಡೆದು ಎದ್ದು, ಪ್ರತಿ ಸಲವೂ 15 ಮೀಟರ್ ಗುರುತಿಗೆ ಎಷ್ಟು ಸೆಕೆಂಡ್ ಅಂತ ನೋಡಿ. ಯಾವುದು ಬೇಗವೋ ಅದೇ ನಿಮ್ಮ ಸಂಖ್ಯೆ. 3 ಕಿಕ್ ಬಂದರೆ 3. ಇದೇನು ಕಮ್ಮಿ ಅಲ್ಲ: 25 ಮೀಟರ್ ಪೂಲ್‌ನಲ್ಲಿ 100 ಮೀಟರ್ ಈಜಿದರೆ ಸ್ಟಾರ್ಟ್ ಸೇರಿ ನಾಲ್ಕು ಸಲ ಈ ಲಾಭ ಸಿಗುತ್ತದೆ. ಕೊನೆಯ ಲ್ಯಾಪ್‌ಗಳಲ್ಲಿ ಉಸಿರು ಸಾಲದೆ ಹೋದರೆ ಒಂದು ಕಿಕ್ ಕಡಿಮೆ ಮಾಡಿ, ಆದರೆ ಎಲ್ಲಾ ಟರ್ನ್‌ನಲ್ಲೂ ಸ್ಟ್ರೀಮ್‌ಲೈನ್ ಅದೇ ಇರಲಿ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಸ್ಟಾರ್ಟ್ ಮತ್ತು ಪ್ರತಿ ಟರ್ನ್ ಆದ ಮೇಲೆ ಮೊದಲ ಬ್ರೆಸ್ಟ್‌ಸ್ಟ್ರೋಕ್ ಕಿಕ್‌ಗೆ ಮುಂಚೆ ಒಂದೇ ಒಂದು ಡಾಲ್ಫಿನ್ ಕಿಕ್‌ಗೆ ಅವಕಾಶ. ಎರಡು ಹೊಡೆದರೆ ಅನರ್ಹರಾಗುತ್ತೀರಿ.

ಸೊಂಟ ನೋವು ಬಂದರೆ

ಅಭ್ಯಾಸ ಹೆಚ್ಚಿಸಿದ ಮೇಲೆ ಬೆನ್ನಿನ ಕೆಳಭಾಗ ನೋಯುತ್ತಿದ್ದರೆ ಅದೂ ಒಂದು ದೋಷದ ಸೂಚನೆಯೇ. ಅಲೆ ಎದೆಯ ಕೆಳಗಿನಿಂದ ಹೊರಡುವ ಬದಲು ಸೊಂಟದ ಒಂದೇ ಜಾಗದಲ್ಲಿ ಮಡಚುತ್ತಿದೆ. ಹೊಟ್ಟೆ ಸಡಿಲ ಬಿಟ್ಟಿರುವುದು, ಭುಜದ ಬಿಗಿ, ಎತ್ತಿದ ತಲೆ, ಈ ಮೂರರಲ್ಲಿ ಒಂದು ಇದ್ದೇ ಇರುತ್ತದೆ. ಕಿಕ್ ನಿಲ್ಲಿಸಿ, ಗೋಡೆಗೆ ಬೆನ್ನು ಕೊಟ್ಟು ನಿಲ್ಲುವ ಪರೀಕ್ಷೆಗೆ ವಾಪಸ್ ಹೋಗಿ. ಫಿನ್ಸ್ ಪೂರ್ತಿ ಬಿಟ್ಟುಬಿಡಿ, ಅದು ಸೊಂಟದ ಮೇಲಿನ ಭಾರ ಹೆಚ್ಚಿಸುತ್ತದೆ.

ಕೆಲವು ದಿನ ಬಿಡುವು ಕೊಟ್ಟರೂ ಹೋಗದ ನೋವು, ಬೆನ್ನು ಹಿಂದಕ್ಕೆ ಬಾಗಿಸಿದಾಗ ಒಂದೇ ಕಡೆ ಚುಚ್ಚುವ ನೋವು, ಕಾಲಿಗೆ ಇಳಿಯುವ ನೋವು ಇದ್ದರೆ ಡಾಕ್ಟರಿಗೆ ತೋರಿಸಿ. ಬೆಳೆಯುವ ಮಕ್ಕಳಲ್ಲಿ ಮತ್ತೆ ಮತ್ತೆ ಬೆನ್ನು ಹಿಂದಕ್ಕೆ ಬಾಗಿ ಕೆಳಬೆನ್ನಿನ ಮೂಳೆಯಲ್ಲಿ ಸಣ್ಣ ಬಿರುಕು ಬರುವುದುಂಟು. ಮಗು "ಸ್ವಲ್ಪ ನೋವು ಅಷ್ಟೇ" ಅಂದರೂ ಅಪ್ಪ ಅಮ್ಮ, ಕೋಚ್ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಡಾಕ್ಟರ್ ಸರಿ ಅನ್ನುವವರೆಗೆ ಆ ಮಗುವಿಗೆ ಡಾಲ್ಫಿನ್ ಕಿಕ್, ಬಟರ್‌ಫ್ಲೈ ಎರಡೂ ಬೇಡ.